ಜ್ವರ ಊರಿಗೆ ಬರುವ ಮುನ್ನ

1883ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ರೊನಾಲ್ಡ್ ರಾಸ್ ಎಂಬ 26 ವರ್ಷದ ಸೇನಾ ವೈದ್ಯ ಬಂದ. ಕೆಲಸ ಅಷ್ಟೇನೂ ಇರಲಿಲ್ಲ. ಗಣಿತಕ್ಕೂ ಪದ್ಯ ಬರೆಯುವುದಕ್ಕೂ ಬೇಕಾದಷ್ಟು ಬಿಡುವಿತ್ತು. ಸಿಕ್ಕ ಬಂಗಲೆಯೂ ಚೆನ್ನಾಗಿತ್ತು, ಸೊಳ್ಳೆಯ ಕಾಟವೊಂದನ್ನು ಬಿಟ್ಟರೆ. ತನ್ನ ಕೋಣೆಗೇ ಯಾಕೆ ಇಷ್ಟು ಸೊಳ್ಳೆ ಎಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಒಳಗೆ ಬಗ್ಗಿ ನೋಡಿದರೆ ಹುಳುಗಳು ಕುಣಿಯುತ್ತಿದ್ದವು. ನೀರು ಚೆಲ್ಲಿಸಿದ. ಸೊಳ್ಳೆ ಕಡಿಮೆಯಾಯಿತು.

ಈ ಸಂತೋಷದ ಸುದ್ದಿಯನ್ನು ಅವನು ಅಡ್ಜುಟೆಂಟ್ ಅಧಿಕಾರಿಗೆ ಹೇಳಿದ. ಮೆಸ್‌ನಲ್ಲೂ ಹೀಗೇ ಮಾಡಬಹುದು, ತೋಟದ ತೊಟ್ಟಿಗಳಲ್ಲಿ, ಊಟದ ಮೇಜಿನ ಕಾಲಿಗೆ ಇಟ್ಟಿರುವ ಡಬ್ಬಿಗಳಲ್ಲಿ, ಕೊನೆಗೆ ಹೂದಾನಿಗಳಲ್ಲೂ ಸೊಳ್ಳೆ ಹುಟ್ಟುತ್ತಿವೆ ಎಂದ. ಅಧಿಕಾರಿಗೆ ಇದು ಹಿಡಿಸಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಒಂದು ಉದ್ದೇಶ ಇರುತ್ತದೆ, ಅದನ್ನು ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬರ್ಥದಲ್ಲಿ ಮಾತಾಡಿ ಕಳಿಸಿಬಿಟ್ಟ. ರಾಸ್ ಇದನ್ನು ಮುಂದೆ ತನ್ನ ಆತ್ಮಕಥೆಯಲ್ಲಿ ನೆನೆದುಕೊಂಡಿದ್ದಾನೆ. ಅಷ್ಟು ಹೊತ್ತಿಗೆ ಅವನು, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡವನೆಂದು ಜಗತ್ತಿಗೇ ಪರಿಚಿತನಾಗಿದ್ದ.

ಬೆಂಗಳೂರಿನ ಆ ಪೀಪಾಯಿಯಿಂದ ಯಾರಿಗೂ ಜ್ವರ ಬಂದ ದಾಖಲೆ ಇಲ್ಲ. ಆದರೂ ಮುಂದಿನ ನೂರು ವರ್ಷ ನಾನಾ ದೇಶಗಳಲ್ಲಿ ನಡೆದ ಒಂದು ದೊಡ್ಡ ವಾದದ ಪುಟ್ಟ ರೂಪ ಅದರಲ್ಲಿದೆ. ರೋಗ ಬಂದ ಮೇಲೆ ರೋಗಿಯನ್ನು ನೋಡಿಕೊಳ್ಳುವುದು ಎಲ್ಲರಿಗೂ ಅರ್ಥವಾಗುವ ಕೆಲಸ. ರೋಗವೇ ಇಲ್ಲದಾಗ ಹೂದಾನಿಯ ನೀರು ಚೆಲ್ಲಿ ಎಂದರೆ ಯಾರು ಕೇಳುತ್ತಾರೆ? ಈ ಪ್ರಶ್ನೆಗೆ ಮನುಷ್ಯ ಎಷ್ಟು ಬೆಲೆ ತೆತ್ತು ಉತ್ತರ ಕಂಡುಕೊಂಡ, ಮತ್ತೆ ಹೇಗೆ ಮರೆತ ಎಂಬುದನ್ನು ಹಳದಿ ಜ್ವರದ ಚರಿತ್ರೆಯಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ಭಾರತಕ್ಕೆ ಎಂದೂ ಬಾರದ ರೋಗ ಅದು. ಆದರೂ ಅದರ ಕಥೆ ಸುತ್ತಿ ಬಳಸಿ ನಮ್ಮ ಸೊರಬದ ಕಾಡಿಗೇ ಬಂದು ಸೇರುತ್ತದೆ.

ಕ್ಯೂಬಾದ ವೈದ್ಯನ ಮಾತು

ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಹೊರಟ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಯೂ, ಅದರೊಂದಿಗೆ ವೈರಸ್ಸೂ ಅಮೆರಿಕ ಖಂಡಕ್ಕೆ ದಾಟಿದವು. ಹಳದಿ ಜ್ವರ ಮೊದಲಿಗೆ ಸಾಮಾನ್ಯ ಜ್ವರದಂತೆ ಕಾಣುತ್ತದೆ. ಕೆಲವರಲ್ಲಿ ಒಂದು ದಿನ ಬಿಟ್ಟುಕೊಟ್ಟು ಮತ್ತೆ ಎರಗುತ್ತದೆ; ಕಣ್ಣು ಮೈ ಹಳದಿಯಾಗುತ್ತವೆ, ಒಳಗೆ ರಕ್ತ ಸೋರಿ ವಾಂತಿ ಕಪ್ಪಗಾಗುತ್ತದೆ. ಸ್ಪ್ಯಾನಿಷ್ ಆಡುವ ಜನ ಇದನ್ನು ಕಪ್ಪು ವಾಂತಿ ಎಂದೇ ಕರೆಯುತ್ತಿದ್ದರು. 1793ರಲ್ಲಿ ಅಂದಿನ ಅಮೆರಿಕದ ರಾಜಧಾನಿ ಫಿಲಡೆಲ್ಫಿಯಾದಲ್ಲಿ ಸುಮಾರು 50,000 ಜನರಿದ್ದರು. ಆ ಬೇಸಿಗೆ ಮುಗಿದು ಚಳಿ ಬೀಳುವಷ್ಟರಲ್ಲಿ ಅವರಲ್ಲಿ ಸುಮಾರು 5,000 ಮಂದಿ ಸತ್ತಿದ್ದರು. ಅಧ್ಯಕ್ಷ ವಾಷಿಂಗ್ಟನ್ ಊರು ಬಿಟ್ಟಿದ್ದ. ಕೊಳೆತ ಕಸದ ಗಾಳಿಯಿಂದ ರೋಗ ಎಂದು ಕೆಲವರು, ರೋಗಿಯ ಬಟ್ಟೆ ಹಾಸಿಗೆಯಿಂದ ಎಂದು ಇನ್ನು ಕೆಲವರು ಜಗಳವಾಡುತ್ತಲೇ ಇದ್ದರು. ಆ ಜಗಳ ಇನ್ನೂ ನೂರು ವರ್ಷ ನಡೆಯಿತು.

1881ರ ಆಗಸ್ಟ್ 14ರಂದು ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಕಾರ್ಲೋಸ್ ಫಿನ್ಲೇ ಎಂಬ ಕ್ಯೂಬಾದ ವೈದ್ಯ ಒಂದು ಪ್ರಬಂಧ ಓದಿದ. ಹಳದಿ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವುದು ಸೊಳ್ಳೆ ಎಂದ. ಸೊಳ್ಳೆ ಎಂದು ಸುಮ್ಮನೆ ಹೇಳಲಿಲ್ಲ, ಯಾವ ಸೊಳ್ಳೆ ಎಂದೂ ಗುರುತಿಸಿದ. ಕಾಲುಗಳ ಮೇಲೆ ಬಿಳಿ ಪಟ್ಟೆ ಇರುವ, ಮನೆಯೊಳಗೇ ಬದುಕುವ, ಹಗಲು ಕಚ್ಚುವ ಅದೇ ಸೊಳ್ಳೆಯನ್ನು ಈಗ ನಾವು ಈಡಿಸ್ ಈಜಿಪ್ಟೈ ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಹಂಚುವುದೂ ಅದೇ.

ಅಕಾಡೆಮಿ ಕೇಳಿಸಿಕೊಂಡಿತು, ಒಪ್ಪಲಿಲ್ಲ. ಫಿನ್ಲೇಯ ಪ್ರಯೋಗಗಳೂ ಅವನ ನೆರವಿಗೆ ಬರಲಿಲ್ಲ. ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಒಂದೆರಡು ದಿನದಲ್ಲೇ ಆರೋಗ್ಯವಂತನಿಗೆ ಕಚ್ಚಿಸುತ್ತಿದ್ದ. ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ. ಅವನಿಗೆ ತಿಳಿಯದಿದ್ದ ಸಂಗತಿಯನ್ನು 1898ರಲ್ಲಿ ಮಿಸಿಸಿಪಿಯ ಹಳ್ಳಿಗಳಲ್ಲಿ ಹೆನ್ರಿ ಕಾರ್ಟರ್ ಎಂಬ ವೈದ್ಯ ಗಮನಿಸಿದ. ಹಳ್ಳಿಯೊಂದರಲ್ಲಿ ಮೊದಲ ರೋಗಿ ಕಾಣಿಸಿಕೊಂಡ ಮೇಲೆ ಮುಂದಿನವರಿಗೆ ಜ್ವರ ಹತ್ತಲು ಎರಡು ವಾರ ಹಿಡಿಯುತ್ತಿತ್ತು. ಆ ಎರಡು ವಾರ ರೋಗ ಎಲ್ಲಿರುತ್ತಿತ್ತು? ಸೊಳ್ಳೆಯೊಳಗೆ ಬೆಳೆಯುತ್ತಿತ್ತು.

ಈ ಎರಡು ಸುಳಿವುಗಳನ್ನು ಒಂದುಗೂಡಿಸಿದ್ದು 1900ರಲ್ಲಿ ಹವಾನಾಕ್ಕೆ ಬಂದ ಅಮೆರಿಕದ ಸೇನಾ ಆಯೋಗ. ವಾಲ್ಟರ್ ರೀಡ್, ಜೇಮ್ಸ್ ಕ್ಯಾರೊಲ್, ಜೆಸ್ಸಿ ಲೆಜಿಯರ್, ಅರಿಸ್ಟೈಡ್ಸ್ ಅಗ್ರಮೊಂಟೆ ಅದರ ಸದಸ್ಯರು. ಫಿನ್ಲೇ ತಾನು ಜೋಪಾನ ಮಾಡಿದ್ದ ಸೊಳ್ಳೆಯ ಮೊಟ್ಟೆಗಳನ್ನೇ ಅವರ ಕೈಗಿಟ್ಟ. ಕ್ಯಾರೊಲ್ ಸೊಳ್ಳೆ ಕಚ್ಚಿಸಿಕೊಂಡು ಸಾವಿನ ಬಾಗಿಲು ತಟ್ಟಿ ಬಂದ. 34 ವರ್ಷದ ಲೆಜಿಯರ್ ಸೆಪ್ಟೆಂಬರ್ 25ರಂದು ಸತ್ತೇ ಹೋದ. ಸೊಳ್ಳೆ ಆಕಸ್ಮಿಕವಾಗಿ ಕಚ್ಚಿತೋ, ತಾನಾಗಿ ಕೈಯೊಡ್ಡಿದನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅವನ ಹೆಸರಿನಲ್ಲೇ ಎದ್ದ ಶಿಬಿರದಲ್ಲಿ ರೀಡ್ ಎರಡು ಮರದ ಮನೆ ಕಟ್ಟಿಸಿದ. ಒಂದರಲ್ಲಿ ರೋಗಿಗಳ ವಾಂತಿ, ಮಲ, ರಕ್ತ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ತುಂಬಿಸಿ ಸ್ವಯಂಸೇವಕರನ್ನು 20 ರಾತ್ರಿ ಮಲಗಿಸಿದ. ವಾಸನೆಗೆ ಹೊಟ್ಟೆ ತೊಳಸಿತೇ ಹೊರತು ಯಾರಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆ ಚೊಕ್ಕಟವಾಗಿತ್ತು, ನಡುವೆ ತಂತಿ ಜಾಲರಿಯ ಅಡ್ಡಗೋಡೆ. ಜಾಲರಿಯ ಒಂದು ಬದಿಗೆ ಮಾತ್ರ ಸೊಳ್ಳೆ ಬಿಟ್ಟರು. ಆ ಬದಿಯವನಿಗೆ ಜ್ವರ ಬಂತು, ಈ ಬದಿಯವರಿಗೆ ಬರಲಿಲ್ಲ. ನೂರು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಆ ಸ್ವಯಂಸೇವಕರಲ್ಲಿ ಹಲವರು ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದ ಬಡ ವಲಸಿಗರು. ಒಪ್ಪಿ ಸಹಿ ಹಾಕಿದರೆ 100 ಡಾಲರ್, ಜ್ವರ ಬಂದರೆ ಇನ್ನೂ 100 ಡಾಲರ್ ಎಂಬ ಕರಾರಿತ್ತು. ಅವರ ಮೈಯಿಂದ ಬಂದ ಜ್ಞಾನ ಇದು ಎಂಬುದನ್ನು ಮರೆಯಬಾರದು.

ಮನೆ ಮನೆಯ ಲೆಕ್ಕ

ಹವಾನಾದ ಆರೋಗ್ಯಾಧಿಕಾರಿ ವಿಲಿಯಂ ಗೋರ್ಗಾಸ್ ಮೊದಲು ಸೊಳ್ಳೆಯ ಮಾತನ್ನು ನಂಬಿರಲಿಲ್ಲ. ಊರಿನ ಕಸವನ್ನೆಲ್ಲ ಗುಡಿಸಿ, ಬೀದಿ ತೊಳೆಸಿದ್ದ. ಆದರೂ 1900ರಲ್ಲಿ ಜ್ವರ ಜೋರಾಗಿಯೇ ಬಂದಿತ್ತು, ಕಾರಣ ಈಡಿಸ್ ಸೊಳ್ಳೆಗೆ ಕೊಳಚೆ ಬೇಡ. ಮನೆಯವರು ಕುಡಿಯಲು ಹಿಡಿದಿಟ್ಟ ತಿಳಿನೀರೇ ಅದಕ್ಕೂ ಇಷ್ಟ.

1901ರ ಫೆಬ್ರುವರಿಯಲ್ಲಿ ಗೋರ್ಗಾಸ್ ದಾರಿ ಬದಲಿಸಿದ. ರೋಗಿಯ ಕೋಣೆಗೆ ಜಾಲರಿ ಹಾಕಿ ಸೊಳ್ಳೆ ಅವನನ್ನು ಮುಟ್ಟದಂತೆ ಮಾಡಿದ. ತಂಡಗಳು ಮನೆ ಮನೆಗೆ ಹೋಗಿ ಹಂಡೆ, ಪೀಪಾಯಿ, ತೊಟ್ಟಿ ಇಣುಕಿದವು. ಮುಚ್ಚಬಹುದಾದದ್ದನ್ನು ಮುಚ್ಚಿದವು, ಚೆಲ್ಲಬಹುದಾದದ್ದನ್ನು ಚೆಲ್ಲಿದವು, ಉಳಿದದ್ದಕ್ಕೆ ಎಣ್ಣೆ ಸುರಿದವು. ಮೊಟ್ಟೆಯಿಂದ ಸೊಳ್ಳೆ ಹಾರಲು ಏಳೆಂಟು ದಿನ ಸಾಕು. ಆದ್ದರಿಂದ ಒಮ್ಮೆ ನೋಡಿ ಬಂದರೆ ಆಗದು, ಮತ್ತೆ ಮತ್ತೆ ಹೋಗಬೇಕು. ಶತಮಾನಗಳಿಂದ ಹವಾನಾವನ್ನು ಕಾಡಿದ್ದ ಜ್ವರದ ಕೊನೆಯ ರೋಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಡ.

ಪನಾಮಾದಲ್ಲಿ ಇದರ ಪರೀಕ್ಷೆ ಇನ್ನೂ ಕಠಿಣವಾಗಿತ್ತು. 1880ರ ದಶಕದಲ್ಲಿ ಅಲ್ಲಿ ಕಾಲುವೆ ತೋಡಲು ಹೋದ ಫ್ರೆಂಚ್ ಕಂಪನಿ ಹಳದಿ ಜ್ವರ, ಮಲೇರಿಯಾಗಳಿಗೆ ಸುಮಾರು 20,000 ಜನರನ್ನು ಬಲಿಕೊಟ್ಟು ದಿವಾಳಿಯಾಯಿತು. ಅವರು ಅಂಕೋನ್ ಗುಡ್ಡದ ಮೇಲೆ ಒಳ್ಳೆಯ ಆಸ್ಪತ್ರೆ ಕಟ್ಟಿಸಿದ್ದರು. ರೋಗಿಗಳ ಹಾಸಿಗೆಗೆ ಇರುವೆ ಹತ್ತದಂತೆ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದರು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವ ಉಪಾಯವೇ. ಆ ಬಟ್ಟಲುಗಳಲ್ಲಿ ಸೊಳ್ಳೆ ಹುಟ್ಟಿ, ಪಕ್ಕದ ಮಂಚದ ರೋಗಿಯ ರಕ್ತ ಹೀರಿ, ಕಾಲು ಮುರಿದು ಬಂದವನಿಗೂ ಹಳದಿ ಜ್ವರ ಹತ್ತಿಸುತ್ತಿದ್ದವು. ಬೆಂಗಳೂರಿನ ಮೆಸ್‌ನಲ್ಲಿ ರಾಸ್ ಊಟದ ಮೇಜಿನ ಕೆಳಗೆ ಕಂಡದ್ದೂ ಇಂಥ ಡಬ್ಬಿಗಳನ್ನೇ.

1904ರಲ್ಲಿ ಅಮೆರಿಕ ಕಾಲುವೆಯ ಕೆಲಸ ಹಿಡಿದಾಗ ಗೋರ್ಗಾಸ್ ಅಲ್ಲಿಗೆ ಹೋದ. ಮೇಲಿನವರು ಸೊಳ್ಳೆಗೆ ಹಣ ದಂಡ ಎಂದು ಗೊಣಗಿದರು. 1905ರಲ್ಲಿ ಜ್ವರ ಎದ್ದು ಕೆಲಸಗಾರರು ಹಡಗು ಹತ್ತಿ ಓಡತೊಡಗಿದ ಮೇಲೆಯೇ ಅವನ ಕೈಗೆ ಆಳುಕಾಳು ಸಿಕ್ಕಿದ್ದು. ಆ ವರ್ಷದ ಕೊನೆಗೆ ಪನಾಮಾ ನಗರದಲ್ಲಿ ರೋಗ ನಿಂತಿತು. 1914ರಲ್ಲಿ ಕಾಲುವೆ ತೆರೆಯಿತು.

ಈ ಎರಡು ಊರುಗಳಲ್ಲಿ ಆದ ಮುಖ್ಯ ಬದಲಾವಣೆ ಲೆಕ್ಕದ್ದು. ಅದುವರೆಗೆ ಆಡಳಿತ ರೋಗಿಗಳನ್ನೂ ಹೆಣಗಳನ್ನೂ ಎಣಿಸುತ್ತಿತ್ತು. ಈಗ ನೂರು ಮನೆಗಳಲ್ಲಿ ಎಷ್ಟು ಮನೆಯ ನೀರಿನಲ್ಲಿ ಸೊಳ್ಳೆಮರಿ ಇದೆ ಎಂದು ಎಣಿಸತೊಡಗಿತು. ರೋಗಿಯ ಲೆಕ್ಕ ಆಗಿಹೋದದ್ದನ್ನು ಹೇಳುತ್ತದೆ; ಲಾರ್ವಾದ ಲೆಕ್ಕ ಮುಂದೆ ಆಗಬಹುದಾದದ್ದನ್ನು ಹೇಳುತ್ತದೆ. ಇಂದು ಆಶಾ ಕಾರ್ಯಕರ್ತೆಯರು ಟಾರ್ಚ್ ಹಿಡಿದು ನಮ್ಮ ಸಂಪು, ಡ್ರಮ್ಮುಗಳಲ್ಲಿ ಇಣುಕಿ ಬರೆದುಕೊಳ್ಳುವುದು ಅದೇ ಲೆಕ್ಕದ ಮುಂದುವರಿಕೆ.

ಆದರೆ ಮನೆಯೊಳಗೆ ನುಗ್ಗುವ ಸರ್ಕಾರವನ್ನು ಜನ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ರಿಯೋ ಡಿ ಜನೈರೋದಲ್ಲಿ ಒಸ್ವಾಲ್ಡೋ ಕ್ರೂಜ್ 1903ರಿಂದ ಇದೇ ಬಗೆಯ ಸೊಳ್ಳೆ ದಳಗಳನ್ನು ನಡೆಸಿದ. ಅದೇ ಹೊತ್ತಿಗೆ ಬಡವರ ವಠಾರಗಳನ್ನು ಕೆಡವಿ ರಸ್ತೆ ಅಗಲ ಮಾಡುವ ಕೆಲಸವೂ ನಡೆದಿತ್ತು. 1904ರ ನವೆಂಬರಿನಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಎಂದಾಗ ಊರೇ ದಂಗೆ ಎದ್ದಿತು. ಲಸಿಕೆ ಒಂದು ನೆಪ; ಹೇಳದೆ ಕೇಳದೆ ಬಾಗಿಲು ತಳ್ಳಿಕೊಂಡು ಬರುವ ಅಧಿಕಾರದ ಮೇಲಿನ ಸಿಟ್ಟು ಒಳಗೆ ಕುದಿಯುತ್ತಿತ್ತು. ಕ್ರೂಜ್ ಹಳದಿ ಜ್ವರವನ್ನು ಓಡಿಸಿದ್ದು ನಿಜ. ಜನರ ವಿಶ್ವಾಸವಿಲ್ಲದೆ ಈ ಕೆಲಸ ಎಷ್ಟು ದುಬಾರಿ ಎಂಬುದೂ ಅಲ್ಲಿ ಗೊತ್ತಾಯಿತು.

ಭಾರತದ ಭಯ, ಭಾರತದ ಕೋತಿ

ಪನಾಮಾ ಕಾಲುವೆ ತೆರೆಯುತ್ತದೆ ಎಂದಾಗ ವ್ಯಾಪಾರಿಗಳು ಹಿಗ್ಗಿದರು, ವೈದ್ಯರು ಬೆಚ್ಚಿದರು. ಹಳದಿ ಜ್ವರದ ನಾಡುಗಳಿಂದ ಏಷ್ಯಾಕ್ಕೆ ಹಡಗಿನ ದಾರಿ ಹತ್ತಿರವಾಗಲಿತ್ತು. ಇಂಗ್ಲೆಂಡಿನ ಪ್ಯಾಟ್ರಿಕ್ ಮ್ಯಾನ್ಸನ್ 1903ರಲ್ಲೇ ಎಚ್ಚರಿಸಿದ್ದ. ಕಾಲುವೆ ತೆರೆಯುವ ಮುನ್ನವೇ ಭಾರತ ಸರ್ಕಾರ ಎಸ್.ಪಿ. ಜೇಮ್ಸ್ ಎಂಬ ವೈದ್ಯಾಧಿಕಾರಿಯನ್ನು ಕಳಿಸಿ ಅಪಾಯವನ್ನು ಅಭ್ಯಾಸ ಮಾಡಿಸಿತು. 1913ರಲ್ಲಿ ಅವನ ವರದಿ ಪ್ರಕಟವಾಯಿತು. ಇಲ್ಲಿ ಸೊಳ್ಳೆ ಇದೆ, ಕಿಕ್ಕಿರಿದ ಊರುಗಳಿವೆ, ರೋಗ ಕಂಡು ಗಟ್ಟಿಯಾದ ಮೈ ಒಂದೂ ಇಲ್ಲ. ಕಿಡಿ ಬಿದ್ದರೆ ಹೊತ್ತಿಕೊಳ್ಳಲು ಎಲ್ಲವೂ ಅಣಿಯಾಗಿತ್ತು. ಇಂದಿಗೂ ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಂದ ಲಸಿಕೆ ಪತ್ರವಿಲ್ಲದೆ ಬರುವವರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಆರು ದಿನದ ಕ್ವಾರಂಟೈನಿಗೆ ಕಳಿಸುವುದು ಇದೇ ಭಯದಿಂದ.

ಹಳದಿ ಜ್ವರಕ್ಕೆ ಕಾರಣ ಒಂದು ವೈರಸ್ ಎಂಬುದನ್ನು ಪ್ರಯೋಗಶಾಲೆಯಲ್ಲಿ ಹಿಡಿಯಲು ನೆರವಾದದ್ದೂ ಭಾರತವೇ, ಅಂದರೆ ಭಾರತದ ಕೋತಿ. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ವಿಜ್ಞಾನಿಗಳು ಅಸಿಬಿ ಎಂಬ ರೋಗಿಯ ರಕ್ತವನ್ನು ಹಲವು ಪ್ರಾಣಿಗಳಿಗೆ ಚುಚ್ಚಿ ಸೋತಿದ್ದರು. ಆಫ್ರಿಕಾದ ಮಂಗಗಳು ಈ ವೈರಸ್ಸಿನೊಂದಿಗೆ ಯುಗಗಳಿಂದ ಬಾಳಿ ಹೊಂದಿಕೊಂಡಿದ್ದವು. ಭಾರತದಿಂದ ತರಿಸಿದ ರೀಸಸ್ ಕೋತಿ ಮಾತ್ರ ಜ್ವರ ಬಂದು ಸತ್ತಿತು. ಅಸಿಬಿ ಬದುಕಿದ, ಸಂಶೋಧಕ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ರೋಗಕ್ಕೆ ಬಲಿಯಾದ. ಅಸಿಬಿಯ ರಕ್ತದ ಆ ವೈರಸ್ಸನ್ನೇ ಪಳಗಿಸಿ ಮ್ಯಾಕ್ಸ್ ಥೈಲರ್ 1937ರಲ್ಲಿ ಲಸಿಕೆ ಮಾಡಿದ, 1951ರಲ್ಲಿ ನೊಬೆಲ್ ಪಡೆದ.

ಭಾರತದ ಮಂಗಗಳಿಗೆ ಈ ವೈರಸ್ ಕೊಲ್ಲುವ ವಿಷ ಎಂಬ ಸಂಗತಿ ಮಾತ್ರ ವಿಜ್ಞಾನಿಗಳ ನೆನಪಿನಲ್ಲಿ ಉಳಿಯಿತು. ಮೂವತ್ತು ವರ್ಷದ ಮೇಲೆ ಅದು ಮತ್ತೆ ಕೆಲಸಕ್ಕೆ ಬಂತು.

ಮರ ಬಿದ್ದಾಗ

ಹವಾನಾ, ಪನಾಮಾ, ರಿಯೋಗಳ ಗೆಲುವಿನಿಂದ ಒಂದು ಆಸೆ ಹುಟ್ಟಿತ್ತು. ದೊಡ್ಡ ಊರುಗಳಲ್ಲಿ ಸೊಳ್ಳೆ ಅಳಿದರೆ ಹಳದಿ ಜ್ವರ ಭೂಮಿಯಿಂದಲೇ ಅಳಿಯುತ್ತದೆ ಎಂದು ರಾಕ್‌ಫೆಲ್ಲರ್ ಪ್ರತಿಷ್ಠಾನ 1915ರಿಂದ ಟೊಂಕ ಕಟ್ಟಿ ನಿಂತಿತು. ಊರಿನಿಂದ ಊರಿಗೆ ರೋಗ ಮಾಯವಾಗುತ್ತ ಬಂತು. ಆದರೆ 1928ರಲ್ಲಿ, ಇಪ್ಪತ್ತು ವರ್ಷ ತಣ್ಣಗಿದ್ದ ರಿಯೋದಲ್ಲಿ ಅದು ಮತ್ತೆ ಎದ್ದಿತು. ಎಲ್ಲಿಂದ ಬಂತು?

ಬ್ರೆಜಿಲಿನಲ್ಲಿ ಕೆಲಸ ಮಾಡುತ್ತಿದ್ದ ಫ್ರೆಡ್ ಸೋಪರ್ ಹುಡುಕಲು ಹೊರಟ. ಜ್ವರ ಬಂದು ಹತ್ತು ದಿನದೊಳಗೆ ಸತ್ತವರ ಯಕೃತ್ತಿನ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುವ ವ್ಯವಸ್ಥೆಯನ್ನು ಅವನ ತಂಡ ಹಳ್ಳಿ ಹಳ್ಳಿಯಲ್ಲಿ ಕಟ್ಟಿತು. ಸತ್ತವರ ಮೈ ಮುಟ್ಟುವ ಈ ಕೆಲಸಕ್ಕೆ ವಿರೋಧವೂ ಅಷ್ಟೇ ಇತ್ತು. ವೈದ್ಯರು ಇಲ್ಲವೆಂದುಕೊಂಡಿದ್ದ ಕಡೆಯೆಲ್ಲ ರೋಗ ಇದೆ ಎಂದು ಆ ಚೂರುಗಳು ಹೇಳಿದವು. 1932ರಲ್ಲಿ ಕನಾನ್ ಕಣಿವೆ ಎಂಬ ಹಳ್ಳಿಗಾಡಿನಲ್ಲಿ ಹಳದಿ ಜ್ವರ ಸಿಕ್ಕಿತು. ಎಷ್ಟು ಹುಡುಕಿದರೂ ಈಡಿಸ್ ಈಜಿಪ್ಟೈ ಮಾತ್ರ ಸಿಗಲಿಲ್ಲ. ಮನೆಯ ಸೊಳ್ಳೆ ಇಲ್ಲದೆಯೂ ರೋಗ ಬದುಕುತ್ತಿತ್ತು, ಕಾಡಿನಲ್ಲಿ.

ಕಾಡಿನಲ್ಲಿ ಯಾವ ಸೊಳ್ಳೆ? ಕೊಲಂಬಿಯಾದಲ್ಲಿ ಹೋರ್ಹೆ ಬೋಶೆಲ್ ಎಂಬ ವೈದ್ಯ ಮತ್ತು ಅವನ ಜೊತೆಗಾರರು 1940ರ ಸುಮಾರಿಗೆ ಇದನ್ನು ಬೆನ್ನಟ್ಟಿದರು. ನೆಲದ ಮೇಲೆ ಹುಡುಕಿದರೆ ಸುಳಿವು ಸಿಗುತ್ತಿರಲಿಲ್ಲ. ಮರ ಕಡಿಯುವವರು ಹೆಮ್ಮರವೊಂದನ್ನು ಉರುಳಿಸಿದಾಗ, ಬಿದ್ದ ನೆತ್ತಿಯ ಜೊತೆಗೇ ನೀಲಿ ಹೊಳಪಿನ ಸೊಳ್ಳೆಗಳು ಇಳಿದು ಕಡಿಯುವವರನ್ನು ಮುತ್ತಿದವು. ಹೆಮಗೋಗಸ್ ಎಂಬ ಆ ಸೊಳ್ಳೆ ಮರದ ನೆತ್ತಿಯಲ್ಲಿ, ಮಂಗಗಳ ಜೊತೆ ಬದುಕುತ್ತಿತ್ತು. ವೈರಸ್ ಮಂಗದಿಂದ ಸೊಳ್ಳೆಗೆ, ಸೊಳ್ಳೆಯಿಂದ ಮಂಗಕ್ಕೆ ಮೇಲೆ ಮೇಲೆಯೇ ಸುತ್ತುತ್ತಿತ್ತು. ಕೊಡಲಿ ಬಿದ್ದಾಗ ಕೆಳಗೆ ಬಂತು. ಊರಿನಲ್ಲಿ ರೋಗ ಶುರುವಾಗುವ ಮೊದಲ ಹೆಜ್ಜೆ ಮನುಷ್ಯನದೇ ಆಗಿತ್ತು.

ನಿರ್ಮೂಲನೆಯ ಕನಸು ಇಲ್ಲಿಗೆ ಮುಗಿಯಿತು; ಕಾಡಿನ ಮಂಗಗಳನ್ನೂ ಸೊಳ್ಳೆಗಳನ್ನೂ ಅಳಿಸಲಾಗದು. ಆದರೆ ಅದಕ್ಕಿಂತ ಉಪಯೋಗದ ಒಂದು ಸಂಗತಿ ಕೈಗೆ ಸಿಕ್ಕಿತು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಬೊಬ್ಬೆಮಂಗಗಳ ಕೂಗು ಮೈಲಿಗಟ್ಟಲೆ ಕೇಳುತ್ತದೆ. ಹಳದಿ ಜ್ವರ ತಗುಲಿದರೆ ಅವು ಗುಂಪು ಗುಂಪಾಗಿ ಸಾಯುತ್ತವೆ. 1948ರಿಂದ ಸುಮಾರು ಎಂಟು ವರ್ಷ ಪನಾಮಾದಿಂದ ಉತ್ತರಕ್ಕೆ ಕಾಡಿನಿಂದ ಕಾಡಿಗೆ ರೋಗ ಸರಿಯುತ್ತ ಹೋದಾಗ, ಅದು ಮುಂದೆ ಎಲ್ಲಿಗೆ ಬರುತ್ತದೆ ಎಂಬುದನ್ನು ಮಂಗಗಳ ಸಾವೇ ತಿಳಿಸುತ್ತಿತ್ತು. ಬೆಳಗ್ಗೆ ಕಾಡು ಮೌನವಾಗಿದ್ದರೆ ಊರಿನವರಿಗೆ ಲಸಿಕೆ ಹಾಕುವ ಹೊತ್ತು ಬಂತು ಎಂದರ್ಥ.

ಕ್ಯಾಸನೂರಿನ ಮಂಗಗಳು

1957ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಸುದ್ದಿ ಬಂತು. ಮುಸಿಯಗಳೂ ಮಂಗಗಳೂ ಸಾಯುತ್ತಿವೆ. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರಿಗೆ ವಿಪರೀತ ಜ್ವರ ಬರುತ್ತಿದೆ. ಪುಣೆಯಲ್ಲಿ ಐದು ವರ್ಷದ ಹಿಂದಷ್ಟೇ, 1952ರಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ವೈರಸ್ ಸಂಶೋಧನಾ ಕೇಂದ್ರ ತೆರೆದಿತ್ತು. ಕೀಟಗಳು ಸಾಗಿಸುವ ವೈರಸ್‌ಗಳನ್ನು ಹುಡುಕುವುದೇ ಅದರ ಕೆಲಸ. ಅಲ್ಲಿದ್ದವರಿಗೆ ಸತ್ತ ಮಂಗ ಎಂದರೆ ಏನೆಂದು ಗೊತ್ತಿತ್ತು. ಐವತ್ತು ವರ್ಷದಿಂದ ಹೆದರಿದ್ದ ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂದೇಬಿಟ್ಟಿತೇ?

ಟೆಲ್ಫೋರ್ಡ್ ವರ್ಕ್ ನೇತೃತ್ವದ ತಂಡ ಕಾಡಿಗೆ ಧಾವಿಸಿತು. ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ ಬೇರ್ಪಡಿಸಿತು. ಅದು ಹಳದಿ ಜ್ವರದ್ದಾಗಿರಲಿಲ್ಲ, ಯಾರೂ ಕಂಡರಿಯದ ಹೊಸದಾಗಿತ್ತು. ಅದರ ಹತ್ತಿರದ ನೆಂಟರು ರಷ್ಯಾದ ಕಾಡುಗಳಲ್ಲಿದ್ದರು. ಸಾಗಿಸುತ್ತಿದ್ದುದು ಸೊಳ್ಳೆಯೂ ಅಲ್ಲ, ಮುಖ್ಯವಾಗಿ ಹೆಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಜಗತ್ತಿನ ವೈದ್ಯಗ್ರಂಥಗಳಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ. ಮಲೆನಾಡಿಗೆ ಮಂಗನ ಕಾಯಿಲೆ.

ಹುಡುಕಿದ್ದೊಂದು, ಸಿಕ್ಕಿದ್ದೊಂದು. ಆದರೆ ಹುಡುಕುವ ಕ್ರಮ ಗೊತ್ತಿದ್ದರಿಂದಲೇ ಅಷ್ಟು ಬೇಗ ಸಿಕ್ಕಿತು. ವರ್ಕ್ ಜೊತೆಗಿದ್ದ ಹೆರಾಲ್ಡ್ ಟ್ರಾಪಿಡೋ ಮಧ್ಯ ಅಮೆರಿಕದಲ್ಲಿ ಹೆಮಗೋಗಸ್ ಸೊಳ್ಳೆಯ ಬೆನ್ನುಹತ್ತಿ ಬಂದವನು. ಮುಂದೆ 1960ರ ದಶಕದಲ್ಲಿ ಶಿವಮೊಗ್ಗದ ಕಾಡುಗಳಲ್ಲಿ ಭಾರತದ ಪಿ.ಕೆ. ರಾಜಗೋಪಾಲನ್ ಅವರೊಂದಿಗೆ ಉಣುಗುಗಳ ಅಭ್ಯಾಸ ಮಾಡಿದ್ದು ಬೇರೆ ಯಾರೂ ಅಲ್ಲ, ಕೊಲಂಬಿಯಾದ ಹೋರ್ಹೆ ಬೋಶೆಲ್. ಅಲ್ಲಿ ಮರ ಬಿದ್ದಾಗ ಸೊಳ್ಳೆ ಇಳಿದುದನ್ನು ಕಂಡವನು ಇಲ್ಲಿ ಕಾಡಿನ ಅಂಚನ್ನು ನೋಡಿದ. ಕಾಡು ಕಡಿದು ಗದ್ದೆ ಮಾಡುವುದು, ಉಳಿದ ಕಾಡಿಗೆ ದನ ಮೇಯಲು ಬಿಡುವುದು, ದನದ ಮೈಯಲ್ಲಿ ಉಣುಗು ಹೆಚ್ಚುವುದು, ಅದೇ ದಾರಿಯಲ್ಲಿ ಮನುಷ್ಯ ಸೊಪ್ಪು ತರಲು ನಡೆಯುವುದು. ರೋಗ ಕಾಡಿನಿಂದ ಊರಿಗೆ ಬರುವ ಸೇತುವೆಯನ್ನು ಬೋಶೆಲ್ ಹೀಗೆ ಗುರುತಿಸಿದ.

ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆಯವರು ಬಂದು ಮಾದರಿ ತೆಗೆದು, ಸುತ್ತಲಿನ ನೆಲಕ್ಕೆ ಕೀಟನಾಶಕ ಉದುರಿಸುತ್ತಾರೆ. ಆ ಕಡೆ ಹೋಗಬೇಡಿ ಎನ್ನುತ್ತಾರೆ. ಆ ಸುದ್ದಿ ಕೊಡುವವರು ಸೌದೆಗೆ ಹೋದವರು, ದನ ಕಾಯುವವರು, ಅಡಿಕೆ ತೋಟದಲ್ಲಿ ಕೆಲಸಕ್ಕಿರುವವರು. ರೋಗ ಮೊದಲು ಮುಟ್ಟುವುದೂ ಅವರನ್ನೇ. ಬ್ರೆಜಿಲಿನಲ್ಲಿ 2016ರಿಂದ 2018ರವರೆಗೆ ಹಳದಿ ಜ್ವರ ಮತ್ತೆ ಎದ್ದಾಗ ಹೆದರಿದ ಕೆಲವರು ಮಂಗಗಳನ್ನೇ ಹೊಡೆದು ಕೊಂದರು. ಅಪಾಯ ಹೇಳಲು ಇದ್ದ ದೂತನನ್ನು ಕೊಂದು ತಮ್ಮ ಕಿವಿಯನ್ನು ತಾವೇ ಮುಚ್ಚಿಕೊಂಡಂತಾಯಿತು.

ಗೆದ್ದವರು ಮರೆತದ್ದು

ಪಾಠ ಕಲಿತ ಮೇಲೂ ಮರೆಯುವುದು ಹೇಗೆ ಎಂಬುದಕ್ಕೆ ಎರಡು ಉದಾಹರಣೆ ಸಾಕು.

ಒಂದು, ಈಡಿಸ್ ಸೊಳ್ಳೆಯದು. 1947ರಿಂದ ಅಮೆರಿಕ ಖಂಡದ ದೇಶಗಳು ಒಟ್ಟಾಗಿ, ಸೋಪರನ ಶಿಸ್ತು ಮತ್ತು ಡಿಡಿಟಿಯ ಬಲದಿಂದ ಈ ಸೊಳ್ಳೆಯನ್ನೇ ಅಳಿಸಲು ಹೊರಟವು. 1958ರಲ್ಲಿ ಬ್ರೆಜಿಲ್ ತಾನು ಸೊಳ್ಳೆಮುಕ್ತ ಎಂದು ಘೋಷಿಸಿಕೊಂಡಿತು. ರೋಗ ಕಾಣದಾದಾಗ ಹಣ ನಿಂತಿತು, ಮನೆ ಮನೆಗೆ ಹೋಗುವವರು ಮನೆಗೆ ಹೋದರು. ಈ ಸೊಳ್ಳೆಯ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ಹಳೆಯ ಟೈರುಗಳ ಜೊತೆ ಸಮುದ್ರ ದಾಟಬಲ್ಲದು. 1970ರ ದಶಕದಿಂದ ಅದು ಒಂದೊಂದೇ ದೇಶಕ್ಕೆ ಮರಳಿತು. ಅದರ ಹಿಂದೆ ಡೆಂಗಿ ಬಂತು.

ಇನ್ನೊಂದು, ಜಿಕಾ ವೈರಸ್ಸಿನದು. 1947ರ ಏಪ್ರಿಲ್‌ನಲ್ಲಿ ಉಗಾಂಡಾದ ಎಂಟೆಬೆ ಸಮೀಪ, ಜಿಕಾ ಎಂಬ ಕಾಡಿನ ಮರದಟ್ಟಣೆಯ ಮೇಲೆ ವಿಜ್ಞಾನಿಗಳು ರೀಸಸ್ ಕೋತಿಗಳನ್ನು ಪಂಜರದಲ್ಲಿ ಇಟ್ಟಿದ್ದರು. ಹಳದಿ ಜ್ವರ ಸುತ್ತುತ್ತಿದ್ದರೆ ಅವು ತಿಳಿಸಲಿ ಎಂದು. 766ನೆಯ ಸಂಖ್ಯೆಯ ಕೋತಿಗೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ್ದು ಹೊಸ ವೈರಸ್. ಮರುವರ್ಷ ಅದೇ ಕಾಡಿನ ಸೊಳ್ಳೆಗಳಲ್ಲೂ ಸಿಕ್ಕಿತು. ಮನುಷ್ಯರಲ್ಲಿ ದೊಡ್ಡ ತೊಂದರೆ ಕಾಣದ್ದರಿಂದ ಅದು ಕಪಾಟು ಸೇರಿತು. 2007ರಲ್ಲಿ ಪೆಸಿಫಿಕ್‌ನ ಯಾಪ್ ದ್ವೀಪದಲ್ಲಿ ಎದ್ದಿತು. 2015ರಲ್ಲಿ ಬ್ರೆಜಿಲಿನಲ್ಲಿ ತಲೆ ಸಣ್ಣದಾದ ಕೂಸುಗಳು ಹುಟ್ಟತೊಡಗಿದಾಗ ಜಗತ್ತು ಗಾಬರಿಯಾಯಿತು. ಕೋತಿ ಹೇಳಿದ ಮಾತಿಗೂ ನಾವು ಕೇಳಿಸಿಕೊಂಡದ್ದಕ್ಕೂ ನಡುವೆ ಸುಮಾರು ಎಪ್ಪತ್ತು ವರ್ಷದ ಅಂತರ.

ಈ ಕೆಲಸದ ಸ್ವಭಾವದಲ್ಲೇ ಮರೆವಿನ ಬೀಜ ಇದೆ. ಆಸ್ಪತ್ರೆಯಲ್ಲಿ ಗುಣವಾದ ರೋಗಿಗೆ ಮುಖವಿದೆ, ಹೆಸರಿದೆ, ಹಾರ ಹಾಕಲು ವೈದ್ಯರಿದ್ದಾರೆ. ಬಾರದೇ ಹೋದ ಜ್ವರಕ್ಕೆ ಮುಖವಿಲ್ಲ. ಚೆಲ್ಲಿದ ನೀರಿನಿಂದ ಯಾರು ಬದುಕಿದರೆಂದು ಯಾರೂ ಬೆರಳು ಮಾಡಿ ತೋರಿಸಲಾರರು. ಕೆಲಸ ಚೆನ್ನಾಗಿ ನಡೆದಷ್ಟೂ ಅದು ಬೇಡದ ಖರ್ಚಿನಂತೆ ಕಾಣುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ವಿಧಿಸುವ ನಿಯಮ ತಂದಿತು. ದಂಡ ಬೇಕೇ ಬೇಡವೇ ಎಂಬ ಚರ್ಚೆ ಹವಾನಾದಷ್ಟೇ ಹಳೆಯದು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಡ್ರಮ್ ತುಂಬಿಡಬೇಡಿ ಎನ್ನಲು ಯಾರಿಗೂ ಬಾಯಿ ಬಾರದು. ನೀರು ದಿನವೂ ಬಂದರೆ ಅರ್ಧ ತೊಟ್ಟಿಗಳು ತಾವಾಗಿಯೇ ಖಾಲಿಯಾಗುತ್ತವೆ ಎಂಬುದನ್ನು ದಂಡದ ಪುಸ್ತಕ ಹೇಳುವುದಿಲ್ಲ.

ಆದರೂ ಕಲಿತದ್ದೆಲ್ಲ ವ್ಯರ್ಥವಾಗಿಲ್ಲ. 2023ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಆರೋಗ್ಯ ಇಲಾಖೆಯವರು ಸೊಳ್ಳೆ ಹಿಡಿದು ಪರೀಕ್ಷೆಗೆ ಕಳಿಸಿದರು. ಹಿಡಿದಾಗ ಅಲ್ಲಿ ಯಾರಿಗೂ ಜಿಕಾ ಇದೆ ಎಂಬ ಸುದ್ದಿ ಇರಲಿಲ್ಲ. ಎರಡು ತಿಂಗಳ ಬಳಿಕ ಫಲಿತಾಂಶ ಬಂತು: ಸೊಳ್ಳೆಗಳಲ್ಲಿ ಜಿಕಾ ವೈರಸ್ ಇದೆ. ಕೂಡಲೇ ಸುತ್ತಲಿನ ಊರುಗಳಲ್ಲಿ ಜ್ವರ ಇದ್ದವರ, ಗರ್ಭಿಣಿಯರ ರಕ್ತದ ಮಾದರಿ ತೆಗೆದರು, ಮನೆ ಮನೆ ತಿರುಗಿ ನೀರು ನೋಡಿದರು. ಪತ್ರಿಕೆ, ಟಿವಿಗಳಲ್ಲಿ ಒಂದು ವಾರ ಗದ್ದಲವಾಯಿತು, ಆಮೇಲೆ ತಣ್ಣಗಾಯಿತು.

ಎರಡು ತಿಂಗಳು ಹೆಚ್ಚಾಯಿತು, ಎರಡು ವಾರದಲ್ಲಿ ಫಲಿತಾಂಶ ಬರಬೇಕು ಎಂದು ವಾದಿಸಬಹುದು, ವಾದಿಸಲೂ ಬೇಕು. ಆದರೆ ಫಿಲಡೆಲ್ಫಿಯಾದಲ್ಲಿ 5,000 ಹೆಣ ಬಿದ್ದ ಮೇಲೂ ಗೊತ್ತಾಗದಿದ್ದುದು ಇಲ್ಲಿ ಒಂದು ಹಳ್ಳಿಯ ಸೊಳ್ಳೆಗಳಿಂದಲೇ ಗೊತ್ತಾಯಿತು. ಆ ಸೊಳ್ಳೆ ಹಿಡಿದವರ ಹೆಸರು ನಮಗೆ ತಿಳಿಯದು. ಮುಂದಿನ ಬಾರಿ ಯಾರಾದರೂ ಬಂದು ಮನೆಯ ಸಂಪಿನ ಮುಚ್ಚಳ ತೆಗೆಯಿರಿ, ಫ್ರಿಜ್ಜಿನ ಹಿಂದಿನ ತಟ್ಟೆ ತೋರಿಸಿ ಎಂದಾಗ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸದಿದ್ದರೆ ಸಾಕು.